ಹೊಸ್ತಿಲ ಕೆಳಗಿನ ಚಿಲುಮೆ

ಜೂನ್ 7, ಶನಿವಾರ

ಎಂಟು ತಿಂಗಳಿಂದ ಒಂದೇ ಒಂದು ಬಸ್ಸು ಬಂದಿಲ್ಲ. ಗಡಿಯಾಚೆ ಗುಂಡು ಹಾರಿದರೆ ಗಡಿಯೀಚೆ ನನ್ನ ಗುಂಪು ಹಾರಿಹೋಗುತ್ತದೆ. ಮೂವತ್ತು ವರ್ಷ ಯಾತ್ರಿಕರಿಗೆ ಮೋಶೆಯ ದಾರಿ, ಎಲೀಯನ ದಾರಿ, ಯೇಸುವಿನ ದಾರಿ ತೋರಿಸಿದ ಗೈಡ್ ಗತ್ತಾಸನಿಗೆ ಈಗ ಉಳಿದಿರುವುದು ಸೋಫಾದಿಂದ ಫ್ರಿಜ್ಜಿನ ದಾರಿ.

ಇವತ್ತು ಎದುರುಮನೆಯಾಕೆ ಎಣ್ಣೆ ಡಬ್ಬ ವಾಪಸು ಕೊಡಲು ಬಂದಿದ್ದಳು. ನಾನು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ನಮ್ಮ ಮನೆಯ ಕಮಾನಿನ ಇತಿಹಾಸ ಹೇಳಿದೆನಂತೆ. ನಲವತ್ತು ನಿಮಿಷ. ಅವಳ ಒಲೆಯ ಮೇಲೆ ಅನ್ನ ಸೀದುಹೋಯಿತಂತೆ. ಅವಳು ಹೋದ ಮೇಲೆ ನನ್ನ ಹೆಂಡತಿ ನುಹಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮಗ ಸುಹೈಲನ ಅಪ್ಪ ಎಂದೇ ಅವಳು ನನ್ನನ್ನು ಕರೆಯುವುದು.

"ಅಬು ಸುಹೈಲ್, ನಿಮಗೆ ಮಾತಾಡೋಕೆ ಜನ ಬೇಕು, ನನಗೆ ಮಾತಿಲ್ಲದ ಮನೆ ಬೇಕು. ಉಮ್ ಹಜಲ್ ದಿಬ್ಬದಲ್ಲಿ ಪುರಾತತ್ವದವರು ಅಗೆಯೋದು ಶುರುವಾಗಿದೆ, ಸ್ವಯಂಸೇವಕರು ಬೇಕಂತೆ. ಹೋಗಿ ಅಗೀರಿ. ಮಣ್ಣು ಎದ್ದು ಹೋಗಲ್ಲ, ಎಷ್ಟು ಬೇಕಾದ್ರೂ ಮಾತಾಡಿ."

"ಈ ವಯಸ್ಸಿನಲ್ಲಿ ಗುದ್ದಲಿ ಹಿಡೀಲಾ?"

"ಈ ವಯಸ್ಸಿನಲ್ಲಿ ನಾನು ನಿಮ್ಮನ್ನ ಹಿಡ್ಕೊಂಡಿಲ್ವಾ?" ಎಂದು ಈ ನೋಟುಪುಸ್ತಕವನ್ನು ಕೈಗಿಟ್ಟಳು. "ಮಣ್ಣಿಗೆ ಹೇಳಿ ಉಳಿದಿದ್ದನ್ನ ಇದಕ್ಕೆ ಹೇಳಿ."

ಹಾಗಾದರೆ ಪುಸ್ತಕವೇ, ನುಹಾಳಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಆ ದಿಬ್ಬ ನನಗೆ ಹೊಸದಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅದರ ಬುಡದಲ್ಲಿ ನಮ್ಮ ಬಸ್ಸಿನ ಟೈರು ಸಿಡಿಯಿತು. ಮೂವತ್ತು ಜನ ಮುದುಕರು, ನೆತ್ತಿಯ ಮೇಲೆ ಬಿಸಿಲು. ದಿಬ್ಬದ ಮೇಲೆ ನೆರಳು ಕೊಡುವಂಥದ್ದು ಒಂದು ಹಳೆಯ ಕಲ್ಲುಬಾಗಿಲು ಮಾತ್ರ ಇತ್ತು. ಅಲ್ಲಿಗೆ ಹತ್ತಿಸಿದೆ. ಹತ್ತಿಸಿದ ಮೇಲೆ ಏನಾದರೂ ಹೇಳಬೇಕಲ್ಲ? ಬೈಬಲಿನ ಯೆಪ್ತಾಹನ ಕಥೆ ಹೇಳಿದೆ. ಈ ಗಿಲ್ಯಾದಿನ ದಳಪತಿ ಯುದ್ಧಕ್ಕೆ ಹೊರಡುವಾಗ ದೇವರಿಗೆ ಹರಕೆ ಹೊತ್ತ: ಗೆದ್ದು ಬಂದರೆ ನನ್ನ ಮನೆಬಾಗಿಲಿನಿಂದ ಮೊದಲು ಎದುರು ಬಂದವರನ್ನು ನಿನಗೆ ಬಲಿ ಕೊಡುತ್ತೇನೆ. ಗೆದ್ದು ಬಂದ. ದಮ್ಮಡಿ ಬಡಿಯುತ್ತ, ಕುಣಿಯುತ್ತ ಎದುರು ಬಂದದ್ದು ಒಬ್ಬಳೇ ಮಗಳು. "ಆ ಬಾಗಿಲು ಇದೇ," ಎಂದುಬಿಟ್ಟೆ. ಒಬ್ಬ ಅಜ್ಜಿ ಅತ್ತು ಕಲ್ಲಿಗೆ ಮುತ್ತಿಟ್ಟಳು. ಅಷ್ಟರಲ್ಲಿ ಟೈರು ಸರಿಹೋಯಿತು. ಬಾಗಿಲು ಮಾತ್ರ ಯೆಪ್ತಾಹನದ್ದಾಗಿಯೇ ಉಳಿಯಿತು.

ಜೂನ್ 8, ಭಾನುವಾರ

ಬೆಳಗಿನ ಐದಕ್ಕೆ ಕೆಲಸ. ನಮ್ಮ ಅರಬ್ಬಿಯಲ್ಲಿ ಗತ್ತಾಸ್ ಅಂದರೆ ಮುಳುಗುವವನು. ಅಪ್ಪ ಹೆಸರಿಟ್ಟಾಗ ನೀರಿನಲ್ಲಿ ಅಂದುಕೊಂಡಿರಬೇಕು, ನಾನು ಧೂಳಿನಲ್ಲಿ ಮುಳುಗಿದ್ದೇನೆ.

ದಿಬ್ಬವನ್ನು ಹಗ್ಗ ಕಟ್ಟಿ ಚೌಕಗಳಾಗಿ ಹಂಚಿದ್ದಾರೆ, ಚೌಕಕ್ಕೊಂದು ತಂಡ. ನಮ್ಮ ಚೌಕದ ಮುಖ್ಯಸ್ಥೆ ಲಮೀಸ್, ಮೂವತ್ತು ದಾಟಿಲ್ಲ. ಕೈಗೆ ಗಾರೆಕೆಲಸದವರ ಕರಣೆ, ಒಂದು ಕುಂಚ, ಒಂದು ಬಾಂಡ್ಲಿ ಕೊಟ್ಟಳು. "ಉಸ್ತಾದ್ ಗತ್ತಾಸ್, ನಮ್ಮಲ್ಲಿ ನಿಯಮ ಒಂದೇ. ಮಣ್ಣಲ್ಲಿ ಏನಾದ್ರೂ ಕಂಡರೆ ಎತ್ತಬೇಡಿ. ನನ್ನ ಕರೀರಿ. ಇದ್ದಲ್ಲೇ ಇದ್ರೆ ಅದು ಸಾಕ್ಷಿ, ಎತ್ತಿದ್ರೆ ಬರೀ ಸಾಮಾನು."

ನಾನು ಈ ನಿಯಮದ ಮಹತ್ವವನ್ನು ಕುರಿತು ಐದು ನಿಮಿಷ ಮಾತನಾಡಿದೆ. ಪಕ್ಕದಲ್ಲಿದ್ದ ಅಬು ರಾಕನ್, ಗುದ್ದಲಿ ಹಿಡಿದೇ ಹಲ್ಲು ಉದುರಿಸಿಕೊಂಡ ಹಳೆಯ ಕೆಲಸಗಾರ, ಕೊನೆಗೆ ಹೇಳಿದ: "ಹಬೀಬಿ, ಅಗೆಯೋಕೆ ಸೊಂಟ ಬಗ್ಗಬೇಕು. ನಿಂದು ನಾಲಗೆ ಮಾತ್ರ ಬಗ್ತಾ ಇದೆ."

ಬೆಟ್ಟದಷ್ಟು ಚೌಕಗಳಿದ್ದರೂ ನನಗೆ ಸಿಕ್ಕಿದ್ದು ಹನ್ನೊಂದನೆಯದು. ನಡುವೆ ನನ್ನ ಬಾಗಿಲು. ಪಕ್ಕದಲ್ಲಿ ನನ್ನ ಭಾವಮೈದುನ ಮಿತ್ರಿ ನೆಡಿಸಿದ ಫಲಕ: "ಯೆಪ್ತಾಹನ ಬಾಗಿಲು." ಫಲಕದ ನೆರಳಿನಲ್ಲಿ ಯಾರೋ ನೀರಿನ ಕ್ಯಾನು ಇಟ್ಟಿದ್ದರು. ತಣ್ಣಗಿತ್ತು. ಯಾವುದಕ್ಕಾದರೂ ಉಪಯೋಗವಾಯಿತಲ್ಲ.

ಜೂನ್ 10, ಮಂಗಳವಾರ

ಮಧ್ಯಾಹ್ನ ಮಡಕೆಚೂರು ತೊಳೆಯುವುದು, ತೊಳೆದದ್ದನ್ನು ಹರಡಿ ಕಾಲ ಗುರುತಿಸುವುದು. ಒಂದು ಕೆಂಪು ಚೂರು ಎತ್ತಿ ಎಲ್ಲರಿಗೂ ತೋರಿಸಿದೆ. "ಸೊಲೊಮೋನನ ಕಾಲದ ದ್ರಾಕ್ಷಾರಸದ ಹೂಜಿ. ಅಂಚಿನ ತಿರುವು ನೋಡಿ."

ಲಮೀಸ್ ನೋಡಿದಳು. "ಹೋದ ವರ್ಷ ಅಬು ರಾಕನ್ ಒಡೆದ ಹೂಕುಂಡ, ಉಸ್ತಾದ್."

"ಬೆಕ್ಕು ಒಡೀತು," ಎಂದ ಅಬು ರಾಕನ್.

ಡಚ್ ದಂತವೈದ್ಯನೊಬ್ಬ ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೂರು ತೊಳೆಯುತ್ತ ಬಿದ್ದು ಬಿದ್ದು ನಕ್ಕ. ರಜೆಯಲ್ಲೂ ಬ್ರಷ್ಷು ಬಿಡದ ಮನುಷ್ಯ ನನ್ನನ್ನು ನೋಡಿ ನಗುವುದೇ?

ಸೊಂಟ ಇಲ್ಲ. ಇತ್ತು, ಈಗ ಇಲ್ಲ.

ಜೂನ್ 13, ಶುಕ್ರವಾರ

ರಜೆ. ಸ್ವಯಂಸೇವಕರನ್ನು ಪವಿತ್ರ ಸ್ಥಳಗಳಿಗೆ ಕರೆದೊಯ್ದೆ. ಅಬ್ಬಾ, ಎಷ್ಟು ದಿನವಾಗಿತ್ತು ಕೈಯಲ್ಲಿ ಮೈಕು ಹಿಡಿದು! ಬೆಳಿಗ್ಗೆ ನೆಬೋ ಬೆಟ್ಟ. "ಮೋಶೆ ವಾಗ್ದತ್ತ ದೇಶವನ್ನು ನೋಡಿದ್ದು ಇಲ್ಲಿ ನಿಂತು. ಸರಿಯಾಗಿ ಈ ಬಂಡೆಯ ಮೇಲೆ."

ಹಿಂದಿನಿಂದ ಮೆಲ್ಲಗೆ ಲಮೀಸಳ ದನಿ: "ಎಡಗಾಲು ಎಲ್ಲಿಟ್ಟಿದ್ದ, ಉಸ್ತಾದ್?"

ಮಧ್ಯಾಹ್ನ ಯೊರ್ದನ್ ನದಿ, ಸ್ನಾನದ ಘಾಟು. ಕಂದುನೀರು, ಅಕ್ಕಪಕ್ಕ ಜೊಂಡು. ಯೇಸುವಿಗೆ ದೀಕ್ಷಾಸ್ನಾನ ಕೊಡಲು ಯೋಹಾನ ನಿಂತ ಜಾಗ ತೋರಿಸಲು ಬೆರಳು ಎತ್ತಿದೆ. ಲಮೀಸ್ ನನ್ನನ್ನೇ ನೋಡುತ್ತಿದ್ದಳು. ಯಾಕೋ ಬೆರಳು ಒಂದು ಬಿಂದುವಿನ ಬದಲು ಇಡೀ ದಡವನ್ನು ಸುತ್ತಿತು. "ಈ ಕಡೆಯೆಲ್ಲೋ," ಎಂದೆ. ನೆಬೋದಲ್ಲಿ ಬಿಸಿಲು ಕುಡಿದದ್ದು ಜಾಸ್ತಿಯಾಗಿರಬೇಕು.

ವಾಪಸು ಬರುವಾಗ ಮಿತ್ರಿಯ ಫೋನು. ಹೆಸರಿಗೆ ಮಿತ್ರಿ, ಮಿತ್ರತ್ವ ಅಷ್ಟಕ್ಕಷ್ಟೆ. ಮಾದಬಾ ಪಟ್ಟಣದ ಪ್ರವಾಸ ಕಚೇರಿ ಅವನದು, ನನ್ನ ಅನ್ನವೂ ಅವನ ಕೈಯಲ್ಲಿ.

"ಭಾವಾ, ಗುಂಪು ಸಿಕ್ತು! ನೈಜೀರಿಯದ ಚರ್ಚಿನ ಮಹಿಳೆಯರು, ನಲವತ್ತು ಜನ. ಇಪ್ಪತ್ನಾಲ್ಕಕ್ಕೆ. ಅವರು ಖುಷಿಯಾಗಿ ಹೋದ್ರೆ ಚಳಿಗಾಲದವರೆಗೂ ಅವರದ್ದೇ ಗುಂಪುಗಳು, ಎಲ್ಲದಕ್ಕೂ ನೀನೇ ಗೈಡ್. ಅವರು ಈ ಕಡೆ ಬರ್ತಿರೋದೇ ನಿನ್ನ ಬಾಗಿಲು ನೋಡೋಕೆ. ದಮ್ಮಡಿ ಬೇರೆ ತರ್ತಾರಂತೆ."

"ಆ ಬಾಗಿಲನ್ನ ಅಗೀತಾ ಇದ್ದೀವಲ್ಲೋ."

"ಅಗೀರಿ. ಆದ್ರೆ ಬೀಳಿಸಬೇಡಿ. ಬಾಗಿಲು ಬಿದ್ರೆ ಅವರ ದಾರಿ ಆ ಕಡೆ, ನಿನ್ನ ದಾರಿ ಮನೆ ಕಡೆ."

ಜೂನ್ 17, ಮಂಗಳವಾರ

ಹೊಸ್ತಿಲಿಗೆ ಎರಡು ಚಪ್ಪಡಿ. ಬೆಳಿಗ್ಗೆ ಅಬು ರಾಕನ್ ಹಾರೆ ಹಾಕಿ ಎಡಗಡೆಯದನ್ನು ಎಬ್ಬಿಸಿದ. ಕೆಳಗೆ ಗಟ್ಟಿಯಾಗಿ ಒತ್ತಿದ ಮಣ್ಣು. ಗೋಡೆಯ ಕಲ್ಲುಗಳು ಹಳೆಯವೇ, ಆದರೆ ಹಳೆಯ ಕಲ್ಲನ್ನು ಹೊಸಬರೂ ಹೊತ್ತು ತಂದು ಜೋಡಿಸುತ್ತಾರೆ. ಕಟ್ಟಿದ್ದು ಯಾವಾಗ ಎಂದು ಹೇಳಬೇಕಾದದ್ದು ಈ ಮಣ್ಣೇ. ಲಮೀಸ್ ಚಿತ್ರ ತೆಗೆದಳು. ಒಂಬತ್ತಕ್ಕೆ ಎಲ್ಲರೂ ತಿಂಡಿಗೆ ಹೋದರು. ಫಲಾಫೆಲ್ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು. ನಾನು ಹೋಗಲಿಲ್ಲ. ನನ್ನ ಬಾಗಿಲಿನ ಕೆಳಗೆ ಏನಿದೆಯೆಂದು ನನಗೇ ಮೊದಲು ತಿಳಿಯಬೇಕಿತ್ತು.

ಕರಣೆಗೆ ಏನೋ ತಾಗಿತು. ಕುಂಚ ಆಡಿಸಿದೆ. ಚಿಲುಮೆ!

ನೀರಿನ ಚಿಲುಮೆ ಉಕ್ಕಿದ್ದರೆ ಪವಾಡವೆಂದು ಇನ್ನೊಂದು ಫಲಕ ನೆಡಬಹುದಿತ್ತು. ಇದು ಹೊಗೆಸೊಪ್ಪಿನ ಚಿಲುಮೆ. ಕೆಂಪು ಮಣ್ಣಿನದು, ಒಳಗೆ ಇನ್ನೂ ಮಸಿ, ಬುಡದಲ್ಲಿ ಮಾಡಿದವನ ಹೆಬ್ಬೆರಳ ಗುರುತು. ಹೊಗೆಸೊಪ್ಪು ನಮ್ಮ ನಾಡಿಗೆ ಬಂದು ನಾನೂರು ವರ್ಷವಾಗಿದ್ದರೆ ಹೆಚ್ಚು. ಚಪ್ಪಡಿ ಕೂರಿಸಿದ ಮೇಲೆ ಅದರಡಿಗೆ ಇರುವೆಯೂ ನುಸುಳಲಾರದು. ಅಂದರೆ ಚಿಲುಮೆ ಮೊದಲು, ಬಾಗಿಲು ಆಮೇಲೆ. ಯೆಪ್ತಾಹ ಇನ್ನೂ ಎರಡೂವರೆ ಸಾವಿರ ವರ್ಷ ಬದುಕಿದ್ದರೆ ಈ ಬಾಗಿಲಲ್ಲಿ ಕೂತು ಹೊಗೆ ಬಿಡಬಹುದಿತ್ತು.

ಕರೆಯಬೇಕಿತ್ತು. ಲಮೀಸ್ ಮೂವತ್ತು ಹೆಜ್ಜೆಯಾಚೆ ಮೊಟ್ಟೆ ಸುಲಿಯುತ್ತಿದ್ದಳು.

ಎತ್ತಿ ಅಂಗಿಜೇಬಿಗೆ ಹಾಕಿಕೊಂಡೆ. ಅಲ್ಲಿ ನನ್ನ ಸಿಗರೇಟು ಪ್ಯಾಕು. ಅಜ್ಜ ಮೊಮ್ಮಗ ಒಂದೇ ಜೇಬಿನಲ್ಲಿ. ಗುಂಡಿಯನ್ನು ಕರಣೆಯಿಂದ ಸವರಿದೆ.

"ಏನಾದ್ರೂ ಇತ್ತಾ?" ಎಂದಳು ಬಂದು.

"ಮಣ್ಣು," ಎಂದೆ. ಜೀವಮಾನದಲ್ಲಿ ನಾನು ಕೊಟ್ಟ ಅತಿ ಚಿಕ್ಕ ಉತ್ತರ.

ಜೂನ್ 18, ಬುಧವಾರ

ಬಿಸಿಲು. ಬರೆಯುವಂಥದ್ದೇನೂ ಇಲ್ಲ.

ಜೂನ್ 19, ಗುರುವಾರ

ತಿಂಡಿಯ ಹೊತ್ತಿಗೆ ಲಮೀಸ್ ಚಹಾ ಲೋಟ ಹಿಡಿದು ನನ್ನ ಪಕ್ಕ ಕೂತಳು.

"ನಿಮಗೆ ನನ್ನ ನೆನಪಿಲ್ಲ ಅಲ್ವಾ? ಆರನೇ ತರಗತೀಲಿ ಶಾಲೆಯವರು ನಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದಿದ್ರು. ನೀವೇ ಗೈಡು. ಹೊಸ್ತಿಲ ಮೇಲೆ ಒಂದು ತಗ್ಗು ತೋರಿಸಿ, ಹುಡುಗಿ ಕುಣಿದ ಪಾದದ ಗುರುತು ಅಂದ್ರಿ. ನಾನು ಚಪ್ಪಲಿ ಬಿಚ್ಚಿ ಇಟ್ಟು ನೋಡಿದೆ. ಸರಿಯಾಗಿ ಕೂತ್ಕೊಳ್ತು."

ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ವಾಪಸು ಇಟ್ಟೆ.

"ಕಾಲೇಜಿಗೆ ಹೋದ ಮೇಲೆ ಗೊತ್ತಾಯ್ತು, ನೀವು ಬುರುಡೆ ಬಿಟ್ಟಿದ್ದು ಅಂತ. ಸಿಟ್ಟೇನೂ ಬರ್ಲಿಲ್ಲ. ಆದ್ರೆ ಒಂದು ಹಟ ಹಿಡೀತು. ಆ ಹುಡುಗೀದಲ್ಲ ಅಂದ್ರೆ ಈ ಬಾಗಿಲು ಮತ್ತೆ ಯಾರದ್ದು? ನಾಲ್ಕು ವರ್ಷ ಅರ್ಜಿ ಹಾಕಿ ಹಾಕಿ ಈ ಚೌಕ ತಗೊಂಡೆ. ಹೊಸ್ತಿಲ ಕೆಳಗೆ ಏನಾದ್ರೂ ಇರುತ್ತೆ ಅಂತ ಎಷ್ಟು ನಂಬಿದ್ದೆ ಗೊತ್ತಾ? ಒಂದು ನಾಣ್ಯ, ಒಂದು ಚೂರು..." ಲೋಟದ ತಳ ನೋಡಿದಳು. "ಮಣ್ಣು."

ದೂರದಿಂದ ಅಬು ರಾಕನ್ ಕೂಗಿದ, "ಏನಮ್ಮಾ, ಗೈಡ್ ಸುಮ್ನೆ ಕೂತಿದಾನೆ! ಜ್ವರ ಏನಾದ್ರೂ ಬಂದಿದೆಯಾ ನೋಡು!"

ಜೂನ್ 20, ಶುಕ್ರವಾರ

ನುಹಾ ಅಂಗಿ ಒಗೆಯಲು ತೆಗೆದಾಗ ಜೇಬಿಗೆ ಕೈ ಹಾಕಿದಳು.

"ಇದೇನು ಅಬು ಸುಹೈಲ್? ಸಿಗರೇಟ್ ಬಿಡಿ ಅಂದ್ರೆ ಚಿಲುಮೆ ಹಿಡಿದ್ರಾ?"

ಹೇಳಿದೆ. ಟೈರಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅವಳು ಬಕೆಟ್ಟಿನ ಪಕ್ಕದಲ್ಲೇ ಕುಳಿತು ಕೇಳಿದಳು. ಮದುವೆಯಾದ ಮೇಲೆ ನನ್ನ ಒಂದು ಕಥೆಯನ್ನು ಅವಳು ಮಧ್ಯೆ ಎದ್ದುಹೋಗದೆ ಕೇಳಿದ್ದು ಇದೇ ಮೊದಲು.

"ಅಂದ್ರೆ ಇದು ಕದ್ದದ್ದು."

"ಎತ್ತಿಟ್ಟದ್ದು."

"ಎತ್ತಿದ ಜಾಗದಲ್ಲೇ ಇಟ್ಟರೆ ಎತ್ತಿಟ್ಟದ್ದು. ಜೇಬಲ್ಲಿಟ್ಟರೆ ಕದ್ದದ್ದು."

"ಕೊಟ್ಟರೆ ಬಾಗಿಲು ಹೋಗುತ್ತೆ. ಬಾಗಿಲು ಹೋದರೆ ಕೆಲಸ ಹೋಗುತ್ತೆ. ನಿನ್ನ ತಮ್ಮ ಅಷ್ಟು ಬಿಡಿಸಿ ಹೇಳಿದಾನೆ."

"ನನ್ನ ತಮ್ಮನ್ನ ನಾನು ಎತ್ತಿ ಆಡಿಸಿದೀನಿ, ಅವನ ಮಾತು ಬಿಡಿ. ಕೆಲಸ ಹೋದ್ರೆ ನೀವು ಮನೇಲಿರ್ತೀರ. ಅದು ನನಗೆ ಕಷ್ಟ, ನಿಮಗಲ್ಲ." ಚಿಲುಮೆಯನ್ನು ಒರೆಸಿ, ಒಂದು ಕರವಸ್ತ್ರದಲ್ಲಿ ಸುತ್ತಿ ಕೊಟ್ಟಳು.

ಜೂನ್ 22, ಭಾನುವಾರ

ಕೊಟ್ಟೆ. ಲಮೀಸ್ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಸುಖವಿತ್ತು. ಚಿಲುಮೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಹೆಬ್ಬೆರಳ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟಳು. ಮುಖದಲ್ಲಿ ಒಂದು ಕ್ಷಣ ಆರನೇ ತರಗತಿಯ ಹುಡುಗಿ ಬಂದು ಹೋದಳು.

"ಎಲ್ಲಿತ್ತು?"

"ಎಡಗಲ್ಲಿನ ಕೆಳಗೆ. ಗೋಡೆಗೆ ಒತ್ತಿಕೊಂಡು, ಬಾಯಿ ಕೆಳಗಾಗಿ."

"ಯಾರು ನೋಡಿದ್ರು?"

"ನಾನೇ."

"ನೀವೇ," ಎಂದಳು. "ಉಸ್ತಾದ್, ಕಲ್ಲಿನ ಮೇಲೆ ಹುಡುಗಿ ಪಾದ ನೋಡಿದವರೂ ನೀವೇ ಅಲ್ವಾ?"

ನಾನು ಖಾಲಿ ಕರವಸ್ತ್ರವನ್ನು ಮಡಿಸತೊಡಗಿದೆ.

"ಇದಕ್ಕೋಸ್ಕರ ನಾಲ್ಕು ವರ್ಷ ಕಾದೆ. ಈಗ ಕೈಯಲ್ಲಿದೆ, ಆದ್ರೆ ಬರೆಯೋ ಹಾಗಿಲ್ಲ. ನಿಮ್ಮ ಮಾತೊಂದನ್ನೇ ನಂಬಿ ಬರೆದ್ರೆ ಅಮ್ಮಾನ್‌ನಲ್ಲಿ ಇಲಾಖೆಯವರು ನನ್ನ ಕಂಡು ನಗ್ತಾರೆ. ಹನ್ನೊಂದನೇ ಚೌಕದಲ್ಲಿ ಯಾರು ಸಾಕ್ಷಿ? ಗೈಡ್ ಗತ್ತಾಸ್!" ಚಿಲುಮೆಯನ್ನು ಚೀಲಕ್ಕೆ ಹಾಕಿ ಚೀಟಿ ಅಂಟಿಸಿದಳು: ಸಿಕ್ಕ ಜಾಗ ತಿಳಿಯದು.

ಇಪ್ಪತ್ತಾರು ವರ್ಷ ಏನು ಹೇಳಿದರೂ ನಂಬಿದರು. ನಿಜ ಹೇಳಿದ ದಿನ ಗಿರಾಕಿಯೇ ಇಲ್ಲ.

"ಬಲಗಲ್ಲು ಇನ್ನೂ ಇದೆ," ಎಂದ ಅಬು ರಾಕನ್. ತಮಾಷೆ ಮಾಡಲಿಲ್ಲ. "ನಾಳೆ ಎಬ್ಬಿಸೋಣ. ಎಲ್ಲರ ಕಣ್ಣೆದುರಿಗೆ."

ಜೂನ್ 23, ಸೋಮವಾರ

ಬಲಗಲ್ಲು ಎಬ್ಬಿಸಿದೆವು. ನಾನು ಮೊಣಕಾಲೂರಿ ಬೆರಳಿನಷ್ಟು ಬೆರಳಿನಷ್ಟೇ ಮಣ್ಣು ತೆಗೆದೆ. ಜರಡಿ ಹಿಡಿದೆ. ಒಂದೇ ಒಂದು ಚಿಲುಮೆಯ ಚೂರು, ಒಂದು ಕಾಫಿ ಬಟ್ಟಲಿನ ಅಂಚು ಸಿಕ್ಕಲಿ ಎಂದು ಅಂಜರಾ ಚರ್ಚಿನ ಮರಿಯ ಮಾತೆಗೆ ಮೇಣದಬತ್ತಿ ಹರಕೆ ಹೊತ್ತೆ. ನನ್ನ ಬಾಗಿಲನ್ನು ಬೀಳಿಸಲು ನಾನೇ ಹರಕೆ ಹೊತ್ತದ್ದು ಬರೆಯುವಾಗ ಈಗ ಹೊಳೆಯುತ್ತಿದೆ.

ಸಿಕ್ಕಿದ್ದು ಬಸವನಹುಳುವಿನ ಒಂದು ಚಿಪ್ಪು. ಬಸವನಹುಳು ಹೊಗೆ ಸೇದುವುದಿಲ್ಲ.

ಬಾಗಿಲಿನ ಕಾಲ: ನಿರ್ಧರಿಸಲಾಗಲಿಲ್ಲ. ಲಮೀಸ್ ಅಷ್ಟು ಬರೆದು ಪುಸ್ತಕ ಮುಚ್ಚಿದಳು.

ಸಂಜೆ ಮಿತ್ರಿಯ ಫೋನು. ಅವನಿಗೆ ಎಲ್ಲಿಂದಲೋ ಸುದ್ದಿ ಮುಟ್ಟಿದೆ. "ಏನೂ ಸಿಗ್ಲಿಲ್ವಂತೆ! ಶಹಬ್ಬಾಸ್ ಭಾವಾ! ಯೆಪ್ತಾಹನದ್ದಲ್ಲ ಅಂತ ಇನ್ನು ಯಾವ ಪಂಡಿತನೂ ಹೇಳೋ ಹಾಗಿಲ್ಲ. ನಾಳೆ ಆ ಪಾದದ ಗುರುತು ಮರೀಬೇಡ, ಅದು ಹೇಳಿದ್ರೆ ಎಲ್ರೂ ಅಳ್ತಾರೆ."

ಹೌದು. ಯಾರೂ ಹೇಳುವ ಹಾಗಿಲ್ಲ. ಹೇಳಬಲ್ಲವನು ಒಬ್ಬನೇ.

ಜೂನ್ 24, ಮಂಗಳವಾರ

ಹತ್ತೂವರೆಗೆ ಬಸ್ಸು. ನಲವತ್ತು ಹೆಂಗಸರು, ಎಲ್ಲರಿಗೂ ಒಂದೇ ನೀಲಿ ಹೂವಿನ ಬಟ್ಟೆ. ಹಾಡುತ್ತಲೇ ದಿಬ್ಬ ಹತ್ತಿದರು. ಮುಂದೆ ಅವರ ನಾಯಕಿ, ಎಬೆರೆ ಅಮ್ಮ, ಕೈಯಲ್ಲಿ ದಮ್ಮಡಿ. ಹಿಂದೆ ಮಿತ್ರಿ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಲಮೀಸ್ ಚೌಕದೊಳಗೆ ಬೆನ್ನು ತಿರುಗಿಸಿ ಅಳತೆ ತೆಗೆಯುತ್ತಿದ್ದಳು.

ಕಥೆ ಹೇಳಿದೆ. ಯುದ್ಧ, ಹರಕೆ, ಮನೆಗೆ ಬರುವ ದಾರಿ. ಎಂಟು ತಿಂಗಳ ಕಸುವೆಲ್ಲ ಗಂಟಲಿಗೆ ಬಂದಿತ್ತು. "ಬಾಗಿಲು ತೆರೆಯಿತು. ದಮ್ಮಡಿ ಬಡಿಯುತ್ತ ಬಂದವಳು..." ಹೆಂಗಸರು ಪಕ್ಕಕ್ಕೆ ತೆಗೆದಿಟ್ಟಿದ್ದ ಹೊಸ್ತಿಲ ಕಲ್ಲಿನ ಕಡೆಗೆ ನೋಡಿದರು. ಎಬೆರೆ ಅಮ್ಮ ಚಪ್ಪಲಿ ಬಿಚ್ಚಲು ಬಗ್ಗಿದಳು.

ಆ ಬಗ್ಗಿದ ಬೆನ್ನಿನಲ್ಲಿ ನನಗೆ ಆರನೇ ತರಗತಿಯ ಲಮೀಸ್ ಕಂಡಳು.

"ಅಮ್ಮಾ, ಚಪ್ಪಲಿ ಬಿಚ್ಚಬೇಡಿ. ಇದು ಆ ಬಾಗಿಲಲ್ಲ."

ಟೈರಿನಿಂದ ಚಿಲುಮೆಯವರೆಗೆ ಎಲ್ಲ ಹೇಳಿದೆ. ನಾನು ಅದನ್ನು ಎತ್ತಿ ಜೇಬಿಗೆ ಹಾಕಿದ್ದನ್ನೂ, ಅದರಿಂದ ಸಾಕ್ಷಿ ಕೆಟ್ಟದ್ದನ್ನೂ. ಮಿತ್ರಿಯ ಇಸ್ತ್ರಿ ಪೂರ್ತಿ ಸುಕ್ಕಾಯಿತು.

ಎಬೆರೆ ಅಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು. "ಇಪ್ಪತ್ತಾರು ವರ್ಷ ಎಲ್ಲರಿಗೂ ಸುಳ್ಳು ಹೇಳಿದೆಯಾ ಅಣ್ಣಾ?"

"ಹೌದಮ್ಮಾ."

"ಇಷ್ಟು ದೂರದಿಂದ ಬಂದಿದ್ದೀವಿ. ನಿಜ ಹೇಳೋಕೆ ನಾವೇ ಸಿಕ್ಕಿದ್ವಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹರಡಿತು. ಎಬೆರೆ ಅಮ್ಮ ಮಾತ್ರ ನಗಲಿಲ್ಲ, ದಮ್ಮಡಿಯನ್ನು ಕಂಕುಳಲ್ಲಿ ಇರುಕಿಕೊಂಡಳು.

"ಹಂಗಾದ್ರೆ ಆ ಹುಡುಗಿ ಬಾಗಿಲು ಎಲ್ಲಿದೆ?"

"ಯಾರಿಗೂ ಗೊತ್ತಿಲ್ಲಮ್ಮಾ."

"ಇದು ಯಾರದ್ದು?"

"ಹೊಗೆ ಸೇದೋ ಯಾರೋ ಒಬ್ಬಂದು. ಕಟ್ಟುವಾಗ ಚಿಲುಮೆ ಕಳ್ಕೊಂಡಿರಬೇಕು. ಮನೆಯೆಲ್ಲ ಹುಡುಕಿರ್ತಾನೆ."

"ಹೆಂಡತೀನ ಬೈದಿರ್ತಾನೆ," ಎಂದಳು. ಈ ಸಲ ಅವಳೂ ನಕ್ಕಳು. ಆಮೇಲೆ ಕಣ್ಣು ಮುಚ್ಚಿ, ಹೆಸರಿಲ್ಲದ ಆ ಹುಡುಗಿಗೂ ಹೆಸರಿಲ್ಲದ ಆ ಹೊಗೆಗಾರನಿಗೂ ಒಂದೇ ಪ್ರಾರ್ಥನೆ ಮಾಡಿದಳು. ನನ್ನ ಹೆಸರು ಕೇಳಿಕೊಂಡು ನನ್ನನ್ನೂ ಸೇರಿಸಿದಳು. ಕೆಳಗಿಳಿಯುವಾಗ ಹಾಡಿದರು, ದಮ್ಮಡಿ ಬಡಿಯಲಿಲ್ಲ.

ಮಿತ್ರಿ ಬಸ್ಸಿನ ಮೆಟ್ಟಿಲಲ್ಲಿ ನಿಂತು ಹೇಳಿದ: "ಮುಂದಿನ ಗುಂಪಿಗೆ ನನ್ನ ಅಳಿಯ ಬರ್ತಾನೆ. ಅವನು ಹುಡುಗ, ಆದ್ರೆ ಹೇಳಿಕೊಟ್ಟಷ್ಟೇ ಹೇಳ್ತಾನೆ." ಬಾಗಿಲು ಮುಚ್ಚಿತು. ಬಸ್ಸಿನದು.

ನುಹಾ ರಾತ್ರಿಯೂಟಕ್ಕೆ ಹಬ್ಬದ ಮಾಂಸದಡುಗೆ ಮನ್ಸಫ್ ಮಾಡಿದ್ದಳು. ಹಬ್ಬವೇನೂ ಇರಲಿಲ್ಲ. ಕೇಳಿದರೆ ಮಾಂಸ ಉಳಿದಿತ್ತು ಎಂದಳು.

ಜೂನ್ 26, ಗುರುವಾರ

ಈ ಋತುವಿನ ಕೊನೆಯ ದಿನ. ಚೌಕಕ್ಕೆ ಬಟ್ಟೆ ಹಾಸಿ ಮಣ್ಣು ಮುಚ್ಚಬೇಕು. ಹನ್ನೆರಡು ಸೆಂಟಿಮೀಟರಿನ ಪದರ ಸಮ ಮಾಡುತ್ತಿದ್ದೆ, ಈಶಾನ್ಯ ಮೂಲೆ ಮಾತ್ರ ಮೂರು ಸೆಂಟಿಮೀಟರು ತಗ್ಗು ಉಳಿದು ಪ್ರಾಣ ತಿನ್ನುತ್ತಿತ್ತು. ಅಬು ರಾಕನ್ ನನ್ನ ಹಿಂದೆ ನಿಂತು, "ಬಂದಾಗ ನಾಲಗೆ, ಈಗ ಸೊಂಟ. ಇನ್ನೆರಡು ಋತುವಿಗೆ ತಲೆನೂ ಬರುತ್ತೆ," ಎಂದ. ಮುಂದಿನ ವರ್ಷಕ್ಕೆ ಹೆಸರು ಬರೆಸಲು ಹೇಳಿದ್ದಾನೆ. ನೋಡೋಣ ಎಂದೆ. ನೋಡುವುದೇನು, ಬರೆಸಿಯಾಗಿದೆ.

ಲಮೀಸ್ ದಾಖಲೆ ಪುಸ್ತಕ ತೆಗೆದುಕೊಂಡು ಬಂದು ಮಣ್ಣಿನ ರಾಶಿಯ ಮೇಲೆ ಕೂತಳು. ಚಿಲುಮೆಯ ಚೀಲವೂ ಕೈಯಲ್ಲಿತ್ತು. ಹಳೆಯ ಚೀಟಿ ಕಿತ್ತಿದ್ದಳು.

"ಇನ್ನೊಂದ್ಸಲ ಹೇಳಿ ಉಸ್ತಾದ್. ಎಲ್ಲಿತ್ತು?"

"ಎಡಗಲ್ಲಿನ ಕೆಳಗೆ. ಗೋಡೆಗೆ ಒತ್ತಿಕೊಂಡು, ಬಾಯಿ ಕೆಳಗಾಗಿ."

ಬರೆದಳು. "ಕಲ್ಲಿನಿಂದ ಎಷ್ಟು ಆಳ?"

ಹನ್ನೊಂದು ಎಂದು ನಾಲಗೆಯ ತುದಿಗೆ ಬಂದಿತ್ತು. ಹನ್ನೊಂದು ಚೆನ್ನಾಗಿ ಕೇಳಿಸುತ್ತದೆ. ಅಳೆದಿರಲಿಲ್ಲವಲ್ಲ.

"ಗೊತ್ತಿಲ್ಲಮ್ಮಾ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ, ಅಕ್ಷರ ಬಿಡಿಸಿ, ನಿಧಾನವಾಗಿ ಬರೆದಳು. ಆಳ: ತಿಳಿಯದು. ಕಂಡವರು: ಗತ್ತಾಸ್.

"ಅಮ್ಮಾನ್‌ನಲ್ಲಿ ನಗಲ್ವಾ?"

"ನಗಲಿ. ಸಹಿ ಹಾಕಿ."

ಹಾಕಿದೆ. ಸಹಿ ಸ್ವಲ್ಪ ಸೊಟ್ಟಗಾಯಿತು. ಮೂರು ವಾರ ಕರಣೆ ಹಿಡಿದ ಕೈ, ಪೆನ್ನನ್ನೂ ಕರಣೆಯ ಹಾಗೇ ಹಿಡಿದಿರಬೇಕು.